ಗಣಿತಜ್ಞರ ಪರಿಚಯ: ಜೀನೋ ಫಾನೋ

ದಾವಣಗೆರೆ, ಹರಿಹರದ ಪ್ರೌಢಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಾವು ರೇಖಾಗಣಿತದ ಪಾಠಯೋಜನೆಯಲ್ಲಿ ಅಳತೆಪಟ್ಟಿ, ಕೈವಾರ, ಕೋನಮಾಪಕಗಳನ್ನು ತಪ್ಪದೆ ಬರೆಯುತ್ತೇವೆ. ಅಳತೆಯನ್ನೇ ಬದಿಗಿಟ್ಟು, ಯಾವ ಬಿಂದು ಯಾವ ರೇಖೆಯ ಮೇಲಿದೆ ಎಂಬುದರಿಂದಲೇ ರೇಖಾಗಣಿತ ಕಟ್ಟಿದವರಲ್ಲಿ ಇಟಲಿಯ ಜೀನೋ ಫಾನೋ ಪ್ರಮುಖರು.

ಫಾನೋ 1871ರ ಜನವರಿ 5ರಂದು ಮಾಂಟುವಾ ನಗರದ ಯಹೂದಿ ಕುಟುಂಬದಲ್ಲಿ ಜನಿಸಿದರು. ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ಕೊರ್ರಾದೋ ಸೆಗ್ರೆಯವರ ಶಿಷ್ಯರಾದರು. ವಿದ್ಯಾರ್ಥಿಯಾಗಿದ್ದಾಗಲೇ ಫೆಲಿಕ್ಸ್ ಕ್ಲೈನ್ ಅವರ ಎರ್ಲಾಂಗೆನ್ ಪ್ರಬಂಧವನ್ನು ಇಟಾಲಿಯನ್ ಭಾಷೆಗೆ ಅನುವಾದಿಸಿದರು. 1892ರಲ್ಲಿ, 21ರ ವಯಸ್ಸಿನಲ್ಲಿ, ಕೇವಲ 15 ಬಿಂದು, 35 ರೇಖೆ, 15 ಸಮತಲಗಳಿರುವ ರೇಖಾಗಣಿತವೊಂದನ್ನು ವಿವರಿಸಿದರು. ಅದರ ಪ್ರತಿ ಸಮತಲದಲ್ಲಿ 7 ಬಿಂದು, 7 ರೇಖೆ. ಪ್ರತಿ ರೇಖೆಯಲ್ಲಿ 3 ಬಿಂದು. ಯಾವ ಎರಡು ಬಿಂದು ಹಿಡಿದರೂ ಅವುಗಳ ಮೂಲಕ ಒಂದೇ ರೇಖೆ. ಇದೇ ಇಂದಿನ ಫಾನೋ ಸಮತಲ.

1901ರಲ್ಲಿ ಅವರು ಟ್ಯೂರಿನ್‌ನಲ್ಲಿ ಪ್ರಾಧ್ಯಾಪಕರಾದರು. 37 ವರ್ಷ ಪಾಠ ಹೇಳಿದ ಮೇಲೆ, 1938ರಲ್ಲಿ, ಫ್ಯಾಸಿಸ್ಟ್ ಸರ್ಕಾರದ ಜನಾಂಗೀಯ ಕಾನೂನುಗಳಿಂದಾಗಿ ಹುದ್ದೆ ಕಳೆದುಕೊಂಡರು. ಆಗ ಅವರಿಗೆ 67 ವರ್ಷ. ಸ್ವಿಟ್ಜರ್ಲೆಂಡಿಗೆ ಹೋದ ಫಾನೋ ಯುದ್ಧಕಾಲದಲ್ಲಿ ಲೋಸಾನ್ ಬಳಿಯ ಶಿಬಿರದಲ್ಲಿದ್ದ ಇಟಲಿಯ ವಿದ್ಯಾರ್ಥಿಗಳಿಗೆ ಗಣಿತ ಕಲಿಸಿದರು. ಹುದ್ದೆ ಹೋಯಿತು, ಪಾಠ ನಿಲ್ಲಲಿಲ್ಲ. ಮಕ್ಕಳಾದ ಊಗೋ ಭೌತವಿಜ್ಞಾನದಲ್ಲಿ, ರಾಬರ್ಟ್ ಕಂಪ್ಯೂಟರ್ ವಿಜ್ಞಾನದಲ್ಲಿ ಹೆಸರು ಮಾಡಿದರು. ಫಾನೋ 1952ರ ನವೆಂಬರ್ 8ರಂದು ವೆರೋನಾದಲ್ಲಿ ನಿಧನರಾದರು.

ಅವರ ಸಮತಲವನ್ನು ವೃತ್ತಗಳ ದಾರಿಯಿಂದಲೂ ತಲುಪಬಹುದು. ಒಂದೇ ರೇಖೆಯಲ್ಲಿರದ 3 ಬಿಂದುಗಳ ಮೂಲಕ ಒಂದೇ ವೃತ್ತ ಹಾದುಹೋಗುತ್ತದೆಂದು ಮಕ್ಕಳಿಗೆ ಗೊತ್ತು. ಮೋಬಿಯಸ್ ಹೆಸರಿನ ವೃತ್ತ ಸಮತಲದಲ್ಲಿ ಯಾವ 3 ಬಿಂದುಗಳಿಗೂ ಒಂದೇ ವೃತ್ತ. ತರಗತಿಯಲ್ಲಿ ಐವರನ್ನು ನಿಲ್ಲಿಸಿ. ಮೂವರ ಪ್ರತಿ ಗುಂಪೂ ಒಂದು ವೃತ್ತವೆನ್ನಿ. ಒಟ್ಟು 10 ವೃತ್ತ. ಈಗ ಒಬ್ಬರನ್ನು ಕೂರಿಸಿ, ಅವರಿದ್ದ 6 ವೃತ್ತಗಳನ್ನಷ್ಟೇ ಉಳಿಸಿಕೊಳ್ಳಿ. ನಿಂತಿರುವ ನಾಲ್ವರಲ್ಲಿ ಇಬ್ಬಿಬ್ಬರ 6 ಜೋಡಿಗಳು ಸಿಗುತ್ತವೆ, ಅವೇ ರೇಖೆಗಳು. ಅವುಗಳಲ್ಲಿ ಪರಸ್ಪರ ಸಂಧಿಸದ, ಅಂದರೆ ಸಮಾಂತರವಾದ, ಎರಡೆರಡು ರೇಖೆಗಳ 3 ಜೊತೆಗಳಿವೆ. ಪ್ರತಿ ಜೊತೆಯ ಎರಡೂ ರೇಖೆಗಳಿಗೆ ಒಬ್ಬ ಹೊಸ ವಿದ್ಯಾರ್ಥಿಯನ್ನು ಸೇರಿಸಿ. ಹೊಸ ಮೂವರದು ಏಳನೆಯ ರೇಖೆ. ಫಾನೋ ಸಮತಲ ಸಿದ್ಧ.

ಪುಸ್ತಕದ ಚಿತ್ರದಲ್ಲಿ ಒಂದು ರೇಖೆಯನ್ನು ಸಾಮಾನ್ಯವಾಗಿ ದುಂಡಗೆ ಬರೆದಿರುತ್ತಾರೆ. ರೇಖೆ ದುಂಡಗಿರಬಹುದೇ ಎಂದು ಮಕ್ಕಳು ಕೇಳಿದರೆ ಉತ್ತರ ಹೇಳಿಬಿಡಬೇಡಿ. ಯಾವ ಇಬ್ಬರನ್ನು ಆರಿಸಿದರೂ ಒಂದೇ ರೇಖೆ ಸಿಗುವುದೇ ಎಂದು ಅವರೇ ಪರೀಕ್ಷಿಸಲಿ. ಈ ಪಾಠಯೋಜನೆಯಲ್ಲಿ ಉಪಕರಣಗಳ ಕಾಲಂ ಖಾಲಿ ಇದ್ದರೂ ಸರಿ. ಎದುರಿಗೆ ಮಕ್ಕಳಿದ್ದರೆ ಸಾಕು.