ವಾಲ್‌ಚಂದ್ ಹೀರಾಚಂದ್ ಮತ್ತು ಸಿಂಧಿಯಾ ಹಡಗು ಕಂಪನಿ

ಪ್ರತಿ ವರ್ಷ ಏಪ್ರಿಲ್ 5ರಂದು ದೇಶದಾದ್ಯಂತ ರಾಷ್ಟ್ರೀಯ ನೌಕಾಯಾನ ದಿನವನ್ನು ಆಚರಿಸಲಾಗುತ್ತದೆ. 1919ರ ಅದೇ ದಿನ ಭಾರತೀಯ ಒಡೆತನದ 'ಲಾಯಲ್ಟಿ' ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಅದು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಮೊದಲ ಹಡಗು. ಆ ಕಂಪನಿಯನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು ಶ್ರೀ ವಾಲ್‌ಚಂದ್ ಹೀರಾಚಂದ್.

ಶ್ರೀಯುತರು 1882ರ ನವೆಂಬರ್ 23ರಂದು ಸೊಲ್ಲಾಪುರದ ಜೈನ ವ್ಯಾಪಾರಿ ಕುಟುಂಬದಲ್ಲಿ ಜನಿಸಿದರು. ಮನೆತನದ ವ್ಯವಹಾರದಲ್ಲಿ ಆಸಕ್ತಿ ಮೂಡದೆ ರೈಲ್ವೆ ಗುತ್ತಿಗೆದಾರರಾದರು. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆ ಹಡಗಾಗಿದ್ದ, ಗ್ವಾಲಿಯರ್ ಮಹಾರಾಜರಿಗೆ ಸೇರಿದ 'ಲಾಯಲ್ಟಿ' ಮಾರಾಟಕ್ಕೆ ಬಂದಾಗ ನರೋತ್ತಮ ಮೊರಾರ್ಜಿ ಮೊದಲಾದವರೊಡನೆ ಸೇರಿ ಅದನ್ನು ಖರೀದಿಸಿದರು. ಕಂಪನಿಗೂ ಆ ರಾಜಮನೆತನದ ಹೆಸರೇ ಬಂದಿತು.

ಹಡಗು ಕೊಂಡಷ್ಟು ಸುಲಭವಾಗಿ ಸರಕು ದೊರೆಯಲಿಲ್ಲ. ಕರಾವಳಿ ಹಾಗೂ ರಂಗೂನ್ ಮಾರ್ಗಗಳು ಲಾರ್ಡ್ ಇಂಚ್‌ಕೇಪ್ ಅವರ ಬ್ರಿಟಿಷ್ ಇಂಡಿಯಾ ಕಂಪನಿಯ ಹಿಡಿತದಲ್ಲಿದ್ದವು. ಬೇರೆ ಹಡಗುಗಳನ್ನು ಬಳಸದ ವರ್ತಕರಿಗೆ ಮಾತ್ರ ಬಾಡಿಗೆಯ ಒಂದಂಶವನ್ನು ತಿಂಗಳುಗಳ ನಂತರ ಹಿಂದಿರುಗಿಸುವ ಪದ್ಧತಿಯಿತ್ತು. ಆ ಹಣ ಕೈತಪ್ಪೀತೆಂಬ ಭಯದಿಂದ ಸ್ವದೇಶಾಭಿಮಾನಿ ವರ್ತಕರೂ ಹಿಂಜರಿಯುತ್ತಿದ್ದರು. ಇದರ ಮೇಲೆ ಬಾಡಿಗೆ ದರ ಇಳಿಸುವ ಪೈಪೋಟಿ ಆರಂಭವಾಗಿ ಸಿಂಧಿಯಾ ಭಾರಿ ನಷ್ಟ ಅನುಭವಿಸಿತು. ಕಂಪನಿಯನ್ನೇ ಕೊಳ್ಳಲು ಇಂಚ್‌ಕೇಪ್ ಮುಂದಾದರೂ ಮಾರಾಟ ನಡೆಯಲಿಲ್ಲ. ಕೊನೆಗೆ 1923ರಲ್ಲಿ ಹತ್ತು ವರ್ಷಗಳ ಒಪ್ಪಂದವಾಯಿತು: ಸಿಂಧಿಯಾ 75,000 ಟನ್ ಮೀರುವಂತಿರಲಿಲ್ಲ, ದೂರದ ಸಾಗರಮಾರ್ಗಗಳನ್ನು ಬಿಡಬೇಕಿತ್ತು. ಷರತ್ತುಗಳು ಕಠಿಣವಾಗಿದ್ದವು ನಿಜ. ಆದರೆ ಅದೇ ಕಾಲದ ಅನೇಕ ಸ್ವದೇಶಿ ಹಡಗು ಕಂಪನಿಗಳು ಮುಚ್ಚಿಹೋದಾಗಲೂ ಸಿಂಧಿಯಾ ಉಳಿಯಿತು.

1929ರಲ್ಲಿ ಮೊರಾರ್ಜಿ ಅವರ ನಿಧನಾನಂತರ ವಾಲ್‌ಚಂದ್ ಅಧ್ಯಕ್ಷರಾದರು. 1941ರಲ್ಲಿ ವಿಶಾಖಪಟ್ಟಣದಲ್ಲಿ ಬಾಬು ರಾಜೇಂದ್ರ ಪ್ರಸಾದ್ ಅವರು ಕಂಪನಿಯ ಹಡಗು ಕಟ್ಟೆಗೆ ಶಂಕುಸ್ಥಾಪನೆ ಮಾಡಿದರು. ಮರುವರ್ಷವೇ ಆ ಊರಿನ ಮೇಲೆ ಜಪಾನಿನ ಬಾಂಬುಗಳು ಬಿದ್ದುದರಿಂದ ಕೆಲಸಕ್ಕೆ ಅಡ್ಡಿಯಾಯಿತು. ಅಲ್ಲಿ ನಿರ್ಮಾಣವಾದ 'ಜಲ ಉಷಾ' ಹಡಗನ್ನು 1948ರ ಮಾರ್ಚ್ 14ರಂದು ಪ್ರಧಾನಿ ನೆಹರೂ ನೀರಿಗಿಳಿಸಿದರು. ಸ್ವಾತಂತ್ರ್ಯಾನಂತರ ಸಿಂಧಿಯಾ ಹಡಗುಗಳು ಯುರೋಪ್, ಅಮೆರಿಕಾ ಮಾರ್ಗಗಳಲ್ಲಿಯೂ ಸಂಚರಿಸತೊಡಗಿದವು.

ಕರ್ನಾಟಕದ ಪಾಲಿಗೆ ಅವರ ಮತ್ತೊಂದು ಸಾಹಸ ಇನ್ನೂ ಹತ್ತಿರದ್ದು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ಮೈಸೂರು ಸರ್ಕಾರದ ಸಹಭಾಗಿತ್ವದೊಂದಿಗೆ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. ಯುದ್ಧದ ಕಾರಣ 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಖರೀದಿಸಿತು. ಇಂದಿನ ಎಚ್.ಎ.ಎಲ್. ಅದರ ಮುಂದುವರಿಕೆ.

ಅನಾರೋಗ್ಯದಿಂದ 1950ರಲ್ಲಿ ಉದ್ಯಮದಿಂದ ನಿವೃತ್ತರಾದ ಶ್ರೀಯುತರು 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ನಿಧನರಾದರು. ವಿಶಾಖಪಟ್ಟಣದ ಹಡಗು ಕಟ್ಟೆ ಅದಕ್ಕೆ ಒಂದು ವರ್ಷ ಮೊದಲೇ ಸರ್ಕಾರಿ ಕಂಪನಿಯ ಆಡಳಿತಕ್ಕೆ ಒಳಪಟ್ಟಿತ್ತು.