ಮಹಾಕವಿ ಪಂಪನ ಮನೆತನ ಮತ್ತು ಜಿನಧರ್ಮ ಸ್ವೀಕಾರ

ಪಂಪ, ಪೊನ್ನ, ರನ್ನರನ್ನು ಕನ್ನಡ ನಾಡು ರತ್ನತ್ರಯರೆಂದು ಕರೆದು ಗೌರವಿಸುತ್ತ ಬಂದಿದೆ. ಮೂವರೂ ಜಿನಭಕ್ತರಾಗಿದ್ದರೆಂಬುದು ನಮಗೆಲ್ಲ ಅಭಿಮಾನದ ಸಂಗತಿಯೇ ಸರಿ. ಆದರೆ ಅವರಲ್ಲಿ ಮೊದಲಿಗನಾದ ಪಂಪನ ವಂಶವು ತಲೆತಲಾಂತರದಿಂದ ಜೈನವಂಶವಾಗಿರಲಿಲ್ಲ. ಯಜ್ಞಯಾಗಾದಿಗಳಲ್ಲಿ ಹೆಸರಾದ ವೈದಿಕ ಬ್ರಾಹ್ಮಣ ಮನೆತನವದು. ಆತನ ತಂದೆ ಭೀಮಪ್ಪಯ್ಯನು ತನ್ನ ವಿಚಾರಬಲದಿಂದಲೇ ಜಿನಧರ್ಮವನ್ನು ಆರಿಸಿಕೊಂಡನು. ನಾವು ಜನ್ಮದಿಂದ ಪಡೆದದ್ದನ್ನು ಆತನು ನಿರ್ಧಾರದಿಂದ ಪಡೆದನು. ಜಿನಬಿಂಬ ಪ್ರತಿಷ್ಠೆಯ ಈ ಮಂಗಲಸಂದರ್ಭದಲ್ಲಿ ಆ ತಂದೆಮಕ್ಕಳ ಜೀವನವನ್ನು ಸ್ಮರಿಸುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆದಿದೆ.

ಪಂಪನು ನಮ್ಮ ಸೀಮೆಗೆ ದೂರದವನೇನೂ ಅಲ್ಲ. ಸವದತ್ತಿಯಿಂದ ತೆಂಕುಮೂಡಲಿಗೆ ನವಲಗುಂದದ ಎರೆಭೂಮಿಯನ್ನು ದಾಟಿ ನಡೆದರೆ ಅಣ್ಣಿಗೇರಿ ಸಿಗುತ್ತದೆ. ಬೆಳ್ವೊಲ ನಾಡಿನ ಆ ಊರು ಪಂಪನ ತಾಯಿ ಅಬ್ಬಣಬ್ಬೆಯ ತವರು. ಆಕೆ ಅಲ್ಲಿಯ ಜೋಯಿಸ ಸಿಂಘನ ಮೊಮ್ಮಗಳು. ಅಣ್ಣಿಗೇರಿಯಲ್ಲಿ ಬಾದಾಮಿಯ ಚಾಲುಕ್ಯ ಎರಡನೆಯ ಕೀರ್ತಿವರ್ಮನ ಕಾಲಕ್ಕೆ, ಅಂದರೆ ಕ್ರಿ.ಶ. 750ರ ಸುಮಾರಿಗೇ, ಕಲಿಯಮ್ಮನೆಂಬವನು ಜಿನಚೈತ್ಯವನ್ನು ಕಟ್ಟಿಸಿದ್ದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಸುಗಂಧವರ್ತಿಯೆಂದು ಹೆಸರಾಗಿದ್ದ ನಮ್ಮ ಸವದತ್ತಿಯಲ್ಲಿ 9ನೆಯ ಶತಮಾನದಲ್ಲಿ ರಟ್ಟ ಮನೆತನದ ಪೃಥ್ವೀರಾಮನು ಬಸದಿಯನ್ನು ಮಾಡಿಸಿದನು. ಮೈಳಾಪತೀರ್ಥದ ಕಾರೇಯಗಣದ ಇಂದ್ರಕೀರ್ತಿ ಸ್ವಾಮಿಗಳು ಆತನ ಗುರುಗಳು. ಅದೇ ಊರಿನಲ್ಲಿ 980ರಲ್ಲಿ ರಟ್ಟ ಶಾಂತಿವರ್ಮನು ಮತ್ತೊಂದು ಬಸದಿಗೆ ಭೂಮಿಯನ್ನು ಬಿಟ್ಟನು. ರಾಮದುರ್ಗದ ಬಡಗಲಿಗಿರುವ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ, 949ರಲ್ಲಿ ರನ್ನನು ಹುಟ್ಟಿದನು. ರನ್ನನ ತಂದೆಯ ಹೆಸರು ಜಿನವಲ್ಲಭ, ತಾಯಿಯ ಹೆಸರು ಅಬ್ಬಲಬ್ಬೆ. ಪಂಪನ ತಮ್ಮನ ಹೆಸರೂ ಜಿನವಲ್ಲಭನೇ ಆದುದರಿಂದ ಓದುವವರು ಇವರಿಬ್ಬರನ್ನು ಒಬ್ಬರೆಂದು ತಿಳಿಯಬಾರದು. ಇಷ್ಟನ್ನು ಹೇಳಿದ ಉದ್ದೇಶವೇನೆಂದರೆ, ಭೀಮಪ್ಪಯ್ಯನು ಕೈಹಿಡಿದ ಹೆಣ್ಣಿನ ನಾಡು ಜಿನಮುನಿಗಳ ವಿಹಾರದಿಂದಲೂ ಬಸದಿಗಳ ಗಂಟೆಯ ದನಿಯಿಂದಲೂ ತುಂಬಿದ್ದ ನಾಡಾಗಿತ್ತು.

ಭೀಮಪ್ಪಯ್ಯನ ಪೂರ್ವಜರು ವೆಂಗಿಮಂಡಲದವರು. ವೆಂಗಿಪಳು ಮೊದಲಾದ ಅಗ್ರಹಾರಗಳು ಅವರಿಗೆ ಸೇರಿದ್ದುವು. ಶ್ರೀವತ್ಸಗೋತ್ರದ ಮಾಧವ ಸೋಮಯಾಜಿಯು ಈ ವಂಶದ ಹಿರಿಯ. ಸಕಲ ಕ್ರತುಗಳನ್ನೂ ಮಾಡಿ ಸೋಮಯಾಜಿಯೆಂಬ ಹೆಸರನ್ನು ಪಡೆದವನು ಆತ. ಅವನ ಮಗ ಅಭಿಮಾನಚಂದ್ರ, ಅಭಿಮಾನಚಂದ್ರನ ಮಗ ಕೊಮರಯ್ಯ, ಕೊಮರಯ್ಯನ ಮಗನೇ ಅಭಿರಾಮದೇವರಾಯನೆಂಬ ಇನ್ನೊಂದು ಹೆಸರುಳ್ಳ ಭೀಮಪ್ಪಯ್ಯ. ಈ ವಂಶಾವಳಿಯನ್ನು ಪಂಪನೇ ವಿಕ್ರಮಾರ್ಜುನ ವಿಜಯದಲ್ಲಿ ಕೊಟ್ಟಿದ್ದಾನೆ. ಅಲ್ಲಿ ಆತನು ಮುತ್ತಜ್ಜನ ತಂದೆಯಾದ ಈ ಸೋಮಯಾಜಿಯ ಯಜ್ಞಗಳನ್ನು ವರ್ಣಿಸುವಾಗ, ಹೋಮದ ಹೊಗೆಯು ಅವನ ನಿರ್ಮಲವಾದ ಕೀರ್ತಿಯನ್ನೇ ಕಪ್ಪಾಗಿಸಿತೆಂಬ ಅಭಿಪ್ರಾಯ ಬರುವಂತೆ ಹೇಳುತ್ತಾನೆ. ಇದನ್ನು ಯಜ್ಞಗಳ ಹೆಚ್ಚಳವನ್ನು ಕೊಂಡಾಡುವ ಚಮತ್ಕಾರವೆಂದು ಓದಬಹುದು. ಹಿಂಸೆಯ ಕಲೆಯನ್ನು ಕಂಡು ನೊಂದ ವಂಶಜನ ಮಾತೆಂದೂ ಓದಬಹುದು. ನಮ್ಮ ಮಟ್ಟಿಗೆ ಎರಡೂ ಅದರಲ್ಲಿವೆ. ಹಿರಿಯನನ್ನು ಹಳಿಯಲಾರದೆ, ಆತನು ನಡೆದ ದಾರಿಯನ್ನು ಒಪ್ಪಲೂ ಆರದೆ ಇದ್ದ ಮನಸ್ಸು ಆ ಪದ್ಯದಲ್ಲಿ ಕಾಣುತ್ತದೆ.

ಅಂದಿನ ಅಗ್ರಹಾರದ ಜೀವನವನ್ನು ನೆನೆದರೆ ಭೀಮಪ್ಪಯ್ಯನ ಮುಂದಿದ್ದ ಪ್ರಶ್ನೆಯ ಭಾರವು ತಿಳಿಯುತ್ತದೆ. ಅಗ್ರಹಾರದ ಭೂಮಿಯು ವೇದಾಧ್ಯಯನ, ಯಜನ, ಯಾಜನಾದಿ ಷಟ್ಕರ್ಮಗಳಿಗಾಗಿ ಬಿಟ್ಟ ಭೂಮಿ. ಯಜ್ಞವನ್ನು ಬಿಟ್ಟವನಿಗೆ ಆ ಊರಿನಲ್ಲಿ ಏನು ಕೆಲಸ? ಶ್ರಾದ್ಧದ ಪಂಕ್ತಿ, ಮಕ್ಕಳ ಮದುವೆ, ಬಂಧುಗಳ ಬರುಹೋಗು, ಇವೆಲ್ಲವೂ ಒಂದೇ ನೂಲಿನಲ್ಲಿ ಪೋಣಿಸಿದ್ದ ಬದುಕದು. ಆ ನೂಲನ್ನು ಕಡಿದುಕೊಳ್ಳುವ ಮುನ್ನ ಗೃಹಸ್ಥನಾದವನು ಹತ್ತು ಸಲ ಯೋಚಿಸಲೇಬೇಕು.

ಇತ್ತ ಜೈನಾಚಾರ್ಯರೂ ಧರ್ಮಸ್ವೀಕಾರವನ್ನು ಹಗುರವಾಗಿ ತೆಗೆದುಕೊಂಡವರಲ್ಲ. ಭಗವಜ್ಜಿನಸೇನಾಚಾರ್ಯರು ಪ್ರಾರಂಭಿಸಿ ಗುಣಭದ್ರಾಚಾರ್ಯರು ಪೂರ್ಣಗೊಳಿಸಿದ ಸಂಸ್ಕೃತ ಮಹಾಪುರಾಣಕ್ಕೆ ಬಂಕಾಪುರದಲ್ಲಿ ಶಕವರ್ಷ 820ರಲ್ಲಿ, ಅಂದರೆ ಕ್ರಿ.ಶ. 898ರ ಸುಮಾರಿಗೆ, ಪೂಜೆ ಸಂದಿತು. ಪಂಪನು ಹುಟ್ಟಿದ್ದು 902ರಲ್ಲಿ. ಆ ಮಹಾಪುರಾಣದಲ್ಲಿ ಅನ್ಯಧರ್ಮದಿಂದ ಬರುವವನಿಗಾಗಿ 48 ದೀಕ್ಷಾನ್ವಯ ಕ್ರಿಯೆಗಳನ್ನು ಹೇಳಿದೆ. ಮೊದಲನೆಯದು ಅವತಾರಕ್ರಿಯೆ: ಸನ್ಮಾರ್ಗವನ್ನು ಬಯಸಿದ ಭವ್ಯನು ಮುನಿಗಳನ್ನೋ ಗೃಹಸ್ಥಾಚಾರ್ಯನನ್ನೋ ಸೇರಿ ಧರ್ಮವನ್ನು ಕೇಳಬೇಕು. ಆಗ ಗುರುವೇ ಅವನಿಗೆ ತಂದೆ, ತತ್ತ್ವಜ್ಞಾನವೇ ಗರ್ಭ. ಬಳಿಕ ವೃತ್ತಲಾಭದಲ್ಲಿ ವ್ರತಗಳ ಸ್ವೀಕಾರ, ಸ್ಥಾನಲಾಭದಲ್ಲಿ ಉಪವಾಸವಿದ್ದು ಜಿನಾಲಯದಲ್ಲಿ ಪಂಚನಮಸ್ಕಾರ ಮಂತ್ರದ ಉಪದೇಶ. ನಾಲ್ಕನೆಯದಾದ ಗಣಗ್ರಹವು ಎಲ್ಲಕ್ಕಿಂತ ಮನಮುಟ್ಟುವಂಥದು. ಅದುವರೆಗೆ ಮನೆಯಲ್ಲಿ ಪೂಜೆಗೊಂಡ ದೇವತೆಗಳನ್ನು ಬೀಳ್ಕೊಟ್ಟು ಬೇರೆಡೆಗೆ ಸಾಗಿಸುವ ಕ್ರಿಯೆಯದು. ಮುಂದೆ ವರ್ಣಲಾಭವೆಂಬ ಕ್ರಿಯೆಯಲ್ಲಿ, ಹೊಸದಾಗಿ ಬಂದವನನ್ನು ಶ್ರಾವಕರು ತಮ್ಮ ಸಮಾನನೆಂದು ಒಪ್ಪಿ ಕೊಳುಕೊಡುಗೆಗೆ ಅರ್ಹನನ್ನಾಗಿ ಮಾಡಬೇಕು. ಇದನ್ನು ಓದುವಾಗ ಸೇರುವವನ ಕರ್ತವ್ಯದಷ್ಟೇ ಸೇರಿಸಿಕೊಳ್ಳುವವರ ಕರ್ತವ್ಯವನ್ನೂ ಆಚಾರ್ಯರು ಹೇಳಿದ್ದಾರೆಂಬುದನ್ನು ಗಮನಿಸಬೇಕು. ಈ ಎರಡನೆಯ ಭಾಗವು ನಮ್ಮವರಲ್ಲಿ ಮೊದಲನೆಯದರಷ್ಟು ಪ್ರಸಿದ್ಧವಾಗಿಲ್ಲ.

ಅದೇ ಪುರಾಣದಲ್ಲಿ ಬ್ರಾಹ್ಮಣರ ಉತ್ಪತ್ತಿಯ ಕಥೆಯೂ ಇದೆ. ಭರತಚಕ್ರವರ್ತಿಯು ಅಂಗಳದ ತುಂಬ ಹಸಿಯ ಮೊಳಕೆಗಳನ್ನು ಹರಡಿಸಿ ಜನರನ್ನು ಅರಮನೆಗೆ ಕರೆಯುತ್ತಾನೆ. ಮೊಳಕೆಗಳನ್ನು ತುಳಿದು ಬಂದವರು ಬರುತ್ತಾರೆ. ಜೀವಿಗಳಿಗೆ ನೋವಾದೀತೆಂದು ಹೊರಗೇ ನಿಂತವರನ್ನು ಚಕ್ರವರ್ತಿಯು ಬೇರೆ ದಾರಿಯಿಂದ ಬರಮಾಡಿಕೊಂಡು, ಸತ್ಕರಿಸಿ, ದ್ವಿಜರೆಂದು ಮನ್ನಿಸುತ್ತಾನೆ. ಈ ಕಥೆಯ ಪ್ರಕಾರ ಅಹಿಂಸಾವ್ರತವೇ ಬ್ರಾಹ್ಮಣ್ಯದ ಮೂಲ. ಭೀಮಪ್ಪಯ್ಯನ ನಿರ್ಧಾರಕ್ಕೆ ಪಂಪನು ಕೊಡುವ ಕಾರಣವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಜಾತಿಗಳಲ್ಲಿ ಉತ್ತಮವಾದ ಬ್ರಾಹ್ಮಣಜಾತಿಯಲ್ಲಿ ಹುಟ್ಟಿದವನು ನಂಬಲು ತಕ್ಕದ್ದು ಜಿನೇಂದ್ರಧರ್ಮವೇ ಎಂದು ಬಗೆದು ತನ್ನ ತಂದೆ ಅದನ್ನು ಸ್ವೀಕರಿಸಿದನೆಂದು ಪಂಪನು ಮಿತವಾದ ಮಾತುಗಳಲ್ಲಿ ತಿಳಿಸುತ್ತಾನೆ. ರಾಜಾಜ್ಞೆಯ ಮಾತಿಲ್ಲ, ಪವಾಡದ ಮಾತಿಲ್ಲ, ವಾದದಲ್ಲಿ ಸೋತು ಒಪ್ಪಿಕೊಂಡ ಮಾತೂ ಇಲ್ಲ. ಕುಲಮದ ಜಾತಿಮದಗಳು ಅಷ್ಟಮದಗಳಲ್ಲಿ ಸೇರಿವೆಯಾದುದರಿಂದ, ಜಾತಿಯ ಹಿರಿಮೆಯ ಈ ಮಾತು ಇಂದು ನಮ್ಮ ಕಿವಿಗೆ ಸ್ವಲ್ಪ ಒರಟಾಗಿ ಕೇಳಬಹುದು. ಆದರೆ ಭೀಮಪ್ಪಯ್ಯನು ತನ್ನ ಹುಟ್ಟನ್ನು ತಿರಸ್ಕರಿಸಿ ಹೊರಬಂದವನಲ್ಲ. ಹುಟ್ಟಿಗೆ ತಕ್ಕ ನಡೆ ಯಾವುದೆಂದು ಹುಡುಕುತ್ತ ಬಂದು ಬಸದಿಯ ಬಾಗಿಲನ್ನು ಮುಟ್ಟಿದವನು.

ಧರ್ಮಾಂತರವೆಂಬುದು ಈ ನಾಡಿನಲ್ಲಿ ಒಂದೇ ದಿಕ್ಕಿಗೆ ಹರಿದ ಹೊಳೆಯಲ್ಲ. ಹೊಯ್ಸಳ ಬಿಟ್ಟಿದೇವನು ವಿಷ್ಣುವರ್ಧನನಾಗಿ ವೈಷ್ಣವಧರ್ಮಕ್ಕೆ ಒಲಿದ ಬಳಿಕವೂ ಪಟ್ಟಮಹಿಷಿ ಶಾಂತಲೆ ಜಿನಭಕ್ತೆಯಾಗಿಯೇ ಉಳಿದು 1123ರಲ್ಲಿ ಶ್ರವಣಬೆಳ್ಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಮಾಡಿಸಿದಳು. 12ನೆಯ ಶತಮಾನದಿಂದೀಚೆಗೆ ನಮ್ಮ ಭಾಗದಲ್ಲಿ ಹಲವು ಬಸದಿಗಳು ಬೇರೆ ದೇವಾಲಯಗಳಾದುವು. ಭಕ್ತರೂ ಬೇರೆಡೆಗೆ ಸಾಗಿದರು. ಅದನ್ನು ನೆನೆದು ಕೊರಗುವವರು ಭೀಮಪ್ಪಯ್ಯನಂಥವರು ಯಾವುದನ್ನು ಕಂಡು ನಮ್ಮಲ್ಲಿಗೆ ಬಂದರೆಂಬುದನ್ನೂ ವಿಚಾರಿಸಿದರೆ ಒಳಿತು.

ಅಂಥ ಮನೆಯಲ್ಲಿ ಬೆಳೆದ ಪಂಪನು ದೇವೇಂದ್ರಮುನಿಗಳ ಶಿಷ್ಯನಾದನು. ವೆಂಗಿಯ ರಕ್ತ, ಬೆಳ್ವೊಲದ ತಾಯಿ, ಪುಲಿಗೆರೆಯ ಕನ್ನಡ, ಬನವಾಸಿಯ ಮೇಲಿನ ಅಳಿಯದ ಮೋಹ, ಇವೆಲ್ಲ ಆತನಲ್ಲಿ ಕೂಡಿಬಂದವು. ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿ ಕವಿಯೂ ಕಲಿಯೂ ಆಗಿ ಮೆರೆದನು. 941ರಲ್ಲಿ, ತನ್ನ 39ನೆಯ ವಯಸ್ಸಿನಲ್ಲಿ, ಜಿನಸೇನಾಚಾರ್ಯರ ಪುರಾಣವನ್ನು ಅನುಸರಿಸಿ ಆದಿಪುರಾಣವನ್ನು ರಚಿಸಿದನು. ಮೂರೇ ತಿಂಗಳಲ್ಲಿ ಅದು ಮುಗಿಯಿತೆಂದು ಆತನೇ ಹೇಳಿಕೊಂಡಿದ್ದಾನೆ.

ಪ್ರತಿಷ್ಠಾಮಹೋತ್ಸವಗಳಲ್ಲಿ ನಾವು ಕಾಣುವ ಗರ್ಭ, ಜನ್ಮ, ಪರಿನಿಷ್ಕ್ರಮಣ, ಕೇವಲಜ್ಞಾನ, ನಿರ್ವಾಣಗಳೆಂಬ ಐದು ಕಲ್ಯಾಣಗಳನ್ನು ಕನ್ನಡದ ಮಾತಿನಲ್ಲಿ ಕಣ್ಣಿಗೆ ಕಟ್ಟುವಂತೆ ಮಾಡಿದ ಮಹಾಕಾವ್ಯವದು. ಪರಿನಿಷ್ಕ್ರಮಣಕ್ಕೆ ಕಾರಣವಾದ ನೀಲಾಂಜನೆಯ ನೃತ್ಯವನ್ನೇ ನೋಡಿರಿ. ಆಯುಷ್ಯ ತೀರಿದ ಆ ದೇವನರ್ತಕಿಯು ಕುಣಿಯುತ್ತಿರುವಾಗಲೇ ಮಾಯವಾಗುತ್ತಾಳೆ. ರಸಭಂಗವಾಗದಂತೆ ದೇವೇಂದ್ರನು ಅವಳಂತೆಯೇ ಇರುವ ಇನ್ನೊಬ್ಬಳನ್ನು ತಂದಿಡುತ್ತಾನೆ. ತುಂಬಿದ ಸಭೆಯಲ್ಲಿ ಯಾರೂ ಅದನ್ನು ಅರಿಯರು. ವೃಷಭಸ್ವಾಮಿ ಒಬ್ಬನೇ ಅರಿತು ವಿರಕ್ತನಾಗುತ್ತಾನೆ. ಎಲ್ಲರೂ ನೋಡುತ್ತಿರುವುದರಲ್ಲಿಯೇ ಎಲ್ಲರೂ ಕಾಣದಿರುವುದನ್ನು ಕಂಡು ಎದ್ದುಹೋದವನ ಕಥೆಯಿದು. ಭೀಮಪ್ಪಯ್ಯನ ಮಗನು ಇದನ್ನು ಬರೆಯುವಾಗ ತನ್ನ ಮನೆಯನ್ನು ನೆನೆಯದೆ ಇದ್ದನೆಂದು ನಂಬುವುದು ನಮಗೆ ಕಷ್ಟ.

ಆದಿಪುರಾಣದ ಬಳಿಕ ಪಂಪನು ವ್ಯಾಸಭಾರತವನ್ನು ಆಧರಿಸಿ ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿ ಬರೆದು, ಅರಿಕೇಸರಿಯನ್ನು ಅರ್ಜುನನೊಡನೆ ಹೋಲಿಸಿದನು. ಒಂದರಲ್ಲಿ ಜಿನಾಗಮವನ್ನೂ ಇನ್ನೊಂದರಲ್ಲಿ ಲೌಕಿಕವನ್ನೂ ಬೆಳಗಿದೆನೆಂಬುದು ಆತನ ಅಭಿಪ್ರಾಯ. ಜಿನಧರ್ಮಕ್ಕೆ ಬಂದ ಮನೆಯ ಮಗನು ಪೂರ್ವಜರ ಕಥಾಸಂಪತ್ತನ್ನು ದೂರವಿಡದೆ, ಅದರಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿ, ಸೋತ ಕರ್ಣನ ಸತ್ಯಕ್ಕೂ ತ್ಯಾಗಕ್ಕೂ ತಲೆಬಾಗಿದನು. ಈ ಕಾವ್ಯಕ್ಕಾಗಿ ಅರಿಕೇಸರಿಯು ಆತನಿಗೆ ಧರ್ಮವುರವೆಂಬ ಅಗ್ರಹಾರವನ್ನು ಶಾಸನಪೂರ್ವಕವಾಗಿ ಕೊಟ್ಟನು. ಯಜ್ಞಮಾಡಿದ ಪೂರ್ವಜನ ಅಗ್ರಹಾರಗಳು ಒಂದು ಕಡೆ. ಯಜ್ಞವನ್ನು ಬಿಟ್ಟವನ ಮಗನಿಗೆ ಬಂದ ಅಗ್ರಹಾರ ಇನ್ನೊಂದು ಕಡೆ.

ಆ ಧರ್ಮವುರದ ಬಡಗಲಿಗೆ ಒಂದು ಬೆಟ್ಟವಿದೆ. ಇಂದು ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದಲ್ಲಿರುವ ಅದನ್ನು ಜನರು ಬೊಮ್ಮಲಗುಟ್ಟ ಎನ್ನುತ್ತಾರೆ. ಪಂಪನ ತಮ್ಮ ಜಿನವಲ್ಲಭನು ಅದನ್ನು ವೃಷಭಗಿರಿಯೆಂದು ಕರೆದು, ಬಂಡೆಯ ಮೇಲೆ ಚಕ್ರೇಶ್ವರಿಯನ್ನೂ ಜಿನಬಿಂಬಗಳನ್ನೂ ಕಡೆಯಿಸಿದನು. ತ್ರಿಭುವನತಿಲಕವೆಂಬ ಬಸದಿಯನ್ನು ಕಟ್ಟಿಸಿದನು. ಅಣ್ಣನ ಬಿರುದಿನಿಂದ ಕವಿತಾಗುಣಾರ್ಣವವೆಂಬ ಕೆರೆಯನ್ನೂ ಮದನವಿಲಾಸವೆಂಬ ತೋಟವನ್ನೂ ಮಾಡಿಸಿದನು. ಬಲಿಗಾಗಿ ಹಿಟ್ಟಿನ ಕೋಳಿಯನ್ನು ಕಡಿದರೂ ಪಾಪವು ಬಿಡದೆಂಬ ಯಶೋಧರನ ಕಥೆಯನ್ನು ಸೋಮದೇವಸೂರಿಗಳು ಯಶಸ್ತಿಲಕವಾಗಿ ಹೇಳಿ 959ರಲ್ಲಿ ಮುಗಿಸಿದ್ದು ಗಂಗಾಧಾರದಲ್ಲಿ, ಅದೇ ಚಾಲುಕ್ಯರ ರಾಜ್ಯದಲ್ಲಿ.

ಆದಿಪುರಾಣದ ಭರತನು ವೃಷಭಾಚಲದ ಮೇಲೆ ತನ್ನ ಹೆಸರನ್ನು ಬರೆಯಿಸಹೋಗಿ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟವೆಲ್ಲ ತುಂಬಿರುವುದನ್ನು ಕಂಡು ಗರ್ವವನ್ನು ಕಳೆದುಕೊಳ್ಳುತ್ತಾನೆ. ಜಿನವಲ್ಲಭನು ತನ್ನ ವೃಷಭಗಿರಿಯಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿಯೂ ಶಾಸನವನ್ನು ಬರೆಯಿಸಿದನು. ಅದರಲ್ಲಿ ಅಣ್ಣನ ಕವಿತ್ವದ ಪ್ರಶಂಸೆಯಿದೆ, ಬೆಳ್ವೊಲದ ಅಣ್ಣಿಗೇರಿಯ ಹೆಸರಿದೆ, ಭೀಮಪ್ಪಯ್ಯನ ಮತ್ತು ಅಬ್ಬಣಬ್ಬೆಯ ಹೆಸರುಗಳಿವೆ. ಕೊಂಡಕುಂದಾನ್ವಯದ ದೇಶಿಗಗಣದ ಪುಸ್ತಕಗಚ್ಛದ ಗುರುಪರಂಪರೆಯ ಹೆಸರಿದೆ. ಅದೇ ಬಂಡೆಯ ಮೇಲೆ, ಅಳಿಸದೆ ಉಳಿಸಿಕೊಂಡ ಶ್ರೀವತ್ಸಗೋತ್ರದ ಹೆಸರೂ ಇದೆ.