*ಇಂದಿನ ಧಮ್ಮ ಚಿಂತನೆ: ತಾಯಿಯ ದುಃಖ, ಮಗನ ಆಸ್ಪತ್ರೆ*



ನಮ್ಮ ಅರಸೀಕೆರೆಯಿಂದ ಮೈಸೂರಿಗೆ ರೈಲು ದಾರಿ ಆದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅವರ ಆಡಳಿತದ ಬಗ್ಗೆ ಎಲ್ಲರಿಗೂ ಗೊತ್ತು. ಇಂದು ಅವರನ್ನು ಒಬ್ಬ ತಾಯಿಯ ಮಗನಾಗಿ ನೋಡೋಣ.

1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಗೆ ಹೋಗಿದ್ದ ತಂದೆ ಚಾಮರಾಜೇಂದ್ರ ಒಡೆಯರು ಗಂಟಲಮಾರಿ ರೋಗದಿಂದ ಅಲ್ಲೇ ತೀರಿಕೊಂಡರು. ಅವರಿಗಿನ್ನೂ 31 ವರ್ಷ, ಮಗನಿಗೆ 10. ವಿಧವೆಯನ್ನು ಮೂಲೆಗೆ ಕೂರಿಸುತ್ತಿದ್ದ ಆ ಕಾಲದಲ್ಲಿ ತಾಯಿ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರಾಜ್ಯಭಾರ ಹೊತ್ತರು. ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರುವಾದದ್ದು, ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ ಹರಿದದ್ದು ಅವರ ಆಡಳಿತದಲ್ಲೇ.

ಮಗ ಅಧಿಕಾರ ವಹಿಸಿಕೊಂಡ ಮೇಲೆ ಮನೆಗೆ ಇನ್ನೊಂದು ಸಿಡಿಲು ಬಡಿಯಿತು. ಮಗಳು ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯರೋಗ ಒಯ್ದಿತು. ಆಕೆಯ ಮೂವರು ಹೆಣ್ಣುಮಕ್ಕಳನ್ನೂ ಅದೇ ರೋಗ ಬಿಡಲಿಲ್ಲ. ಆಗ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ಒಳ್ಳೆಯ ಗಾಳಿ, ಊಟ, ವಿಶ್ರಾಂತಿ, ಅಷ್ಟೇ ಚಿಕಿತ್ಸೆ. ಅರಮನೆಯ ಹಣದಿಂದ ಏನೂ ಆಗಲಿಲ್ಲ.

ಗಂಡನನ್ನು ಕಳೆದುಕೊಂಡ ತಾಯಿ ಮಗಳನ್ನೂ ಮೊಮ್ಮಕ್ಕಳನ್ನೂ ಕಳೆದುಕೊಂಡಾಗ ಮಗ ಯಾವ ಮಾತಿನಿಂದ ಸಮಾಧಾನ ಮಾಡಬೇಕು? ನಾಲ್ವಡಿಯವರು ಮೈಸೂರಿನಲ್ಲಿ ಸೋದರಿಯ ಹೆಸರಿನಲ್ಲೇ ಕ್ಷಯರೋಗಿಗಳ ಆಸ್ಪತ್ರೆ ಕಟ್ಟಿಸಿದರು. 1921ರಲ್ಲಿ ಆರಂಭವಾದ ಅದನ್ನು ಜನ ಇಂದಿಗೂ ಪಿ.ಕೆ. ಸ್ಯಾನಟೋರಿಯಂ ಎನ್ನುತ್ತಾರೆ. ತಾಯಿ 1934ರವರೆಗೆ ಬದುಕಿದ್ದರು. ತನ್ನ ಮಗಳ ಹೆಸರಿನ ಆಸ್ಪತ್ರೆಯಲ್ಲಿ ಬೇರೆಯವರ ಮಕ್ಕಳಿಗೆ ಆರೈಕೆ ಸಿಗುವುದನ್ನು ಕಂಡರು.

ಅದೇ ವರ್ಷಗಳಲ್ಲಿ ಈ ಮಗ ಇನ್ನೊಂದು ಕೆಲಸವನ್ನೂ ಮಾಡಿದ. 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ, 1921ರಲ್ಲಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಆದೇಶ ಹೊರಡಿಸಿದ.

ನಾಲ್ವಡಿಯವರು ಬೌದ್ಧರಲ್ಲ. ಅರಮನೆಯ ಪೂಜೆ, ಆಚಾರಗಳನ್ನು ಕೊನೆತನಕ ನಡೆಸಿದವರು. ಆದರೂ ಕಿಸಾಗೋತಮಿ ಮನೆಮನೆ ಸುತ್ತಿ ಕಂಡುಕೊಂಡದ್ದು ಇದನ್ನೇ ಅಲ್ಲವೇ? ಸಾವಿಲ್ಲದ ಮನೆ ಇಲ್ಲ. ಹಾಗೆಂದು ತಿಳಿದವನ ದುಃಖ ತನ್ನ ಮನೆಯ ಬಾಗಿಲಲ್ಲೇ ನಿಲ್ಲುವುದಿಲ್ಲ, ಕರುಣೆಯಾಗಿ ಪಕ್ಕದ ಮನೆಗೂ ಹೋಗುತ್ತದೆ. ಬಾಬಾಸಾಹೇಬರು ನಾಲ್ಕು ಮಕ್ಕಳನ್ನು, 1935ರಲ್ಲಿ ರಮಾಬಾಯಿಯವರನ್ನು ಮಣ್ಣು ಮಾಡಿಯೂ ಕೋಟಿ ಮಕ್ಕಳಿಗಾಗಿ ದುಡಿದರು.

ದೀಕ್ಷೆ ಪಡೆದ ನಮ್ಮ ಮನೆಗಳಲ್ಲೂ ಅಪ್ಪ ಸತ್ತ ದಿನ ಅವ್ವನ ಬಳೆ ಒಡೆಯಲು ಯಾರೋ ಮುಂದೆ ಬರುತ್ತಾರೆ. ಮಗ ನೆಂಟರಿಗೆ ಹೆದರಿ ಸುಮ್ಮನಿರುತ್ತಾನೆ. ಆಮೇಲೆ ಸಾಲ ಮಾಡಿ ತಿಥಿ ಮಾಡುತ್ತಾನೆ. ಆ ಕೈಯನ್ನು ತಡೆಯಿರಿ. ಅವ್ವನ ಪಕ್ಕ ಕೂತು ತ್ರಿಸರಣ, ಪಂಚಶೀಲ ಹೇಳಿ. ಅವಳು ಅತ್ತರೆ ಅಳಲು ಬಿಡಿ. ತಿಥಿಯ ಹಣದಲ್ಲಿ ಹೋದವರ ಹೆಸರು ಹೇಳಿ ಕೇರಿಯ ಒಂದು ಮಗುವಿನ ಫೀಸು ಕಟ್ಟಿ, ಆ ಮಗುವನ್ನು ಅವ್ವನ ಹತ್ತಿರ ಕರೆತನ್ನಿ.

*ಇಂದಿನ ಯೋಚನೆಗೆ:* ನಮ್ಮ ಮನೆಯಿಂದ ಹೋದವರ ಹೆಸರಿನಲ್ಲಿ ಈ ವರ್ಷ ಯಾರಿಗೆ ಏನು ಒಳ್ಳೆಯದಾಯಿತು?

ನಮೋ ಬುದ್ಧಾಯ. ಜೈ ಭೀಮ್.